ಅಳತೆಗೆ ಬಂತು, ಬಲ ಬಂತೇ?

ಅಮೆರಿಕದ ಶೂಟಿಂಗ್ ರೇಂಜುಗಳಲ್ಲಿ ಪಿಸ್ತೂಲಿನಿಂದ ಉದುರಿದ ಖಾಲಿ ಹಿತ್ತಾಳೆ ಕೇಸುಗಳನ್ನು ಬಾಚಿ, ಬಕೆಟ್ಟಿಗೆ ತುಂಬಿಕೊಂಡು ಮನೆಗೆ ಒಯ್ಯುವವರು ಬಹಳ ಮಂದಿ. ಇದರಲ್ಲಿ ಕದ್ದುಮುಚ್ಚಿ ಮಾಡುವಂಥದ್ದೇನೂ ಇಲ್ಲ. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಲ್ಲಿ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಮಾರುವುದಕ್ಕೆಂದು ತಯಾರಿಸಿದರೆ ಮಾತ್ರ ಬೇಕು. ಗ್ಯಾರೇಜಿನ ಮೂಲೆಯ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಕೈಪ್ರೆಸ್ಸು, ಮದ್ದು ತೂಗುವ ಸಣ್ಣ ತಕ್ಕಡಿ, ಕೇಸನ್ನು ಅದುಮಿ ಅಳತೆಗೆ ತರುವ ನಾಲ್ಕಾರು ಡೈಗಳು, ಇಷ್ಟಿದ್ದರೆ ಸಾಕು. ಸುಟ್ಟ ಕೇಪು ತೆಗೆದು ಹೊಸದನ್ನು ಕೂರಿಸುತ್ತಾರೆ, ಮದ್ದು ಸುರಿಯುತ್ತಾರೆ, ಗುಂಡು ಒತ್ತುತ್ತಾರೆ. ಕೇಪು, ಮದ್ದು, ಗುಂಡು ಎಂಬ ಮೂರು ಮಾತುಗಳನ್ನು ಕೇಳಿ ಬೆಳೆದ ಮಲೆನಾಡಿನವರಿಗೆ ಇದರ ತತ್ವ ಹೊಸದೇನಲ್ಲ. ಕೇಸೂ ಸೇರಿ ತೋಟಾದ ನಾಲ್ಕು ಭಾಗಗಳಲ್ಲಿ ಮತ್ತೆ ಮತ್ತೆ ಬಳಸಬಹುದಾದದ್ದು ಹಿತ್ತಾಳೆ ಕೇಸು ಒಂದೇ. ಮನೆಯಲ್ಲಿ ತುಂಬಿದ ತೋಟಾ ಅಂಗಡಿಯದಕ್ಕಿಂತ ಅಗ್ಗವಾಗುವುದು ಮುಖ್ಯವಾಗಿ ಇದರಿಂದ. ಆದ್ದರಿಂದಲೇ ಒಂದು ಕೇಸನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ. ತಳದಲ್ಲಿ ಉಬ್ಬಿಕೊಂಡ ಕೇಸನ್ನು ಕೂಡ ಅದುಮಿ, ಅಳತೆಗೆ ತಂದು, ಮತ್ತೊಮ್ಮೆ ತುಂಬುವ ಉಪಕರಣಗಳು ಹುಟ್ಟಿಕೊಂಡದ್ದು ಈ ಜಿಪುಣತನದಿಂದ. ಜಿಪುಣತನ ಎಂದದ್ದು ಹೀಯಾಳಿಕೆಗಲ್ಲ, ಮಿತವ್ಯಯ ಒಳ್ಳೆಯ ಗುಣವೇ. ಆದರೆ ಯಾರ ಪಿಸ್ತೂಲಿನಿಂದ ಬಂತೆಂದು ಗೊತ್ತಿಲ್ಲದ ಉಬ್ಬಿದ ಕೇಸನ್ನು ಸರಿಪಡಿಸಿ ಬಳಸುವುದು ಮಿತವ್ಯಯದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನ್ನ ವಾದ. ಡೈ ಕೇಸಿನ ಅಳತೆಯನ್ನು ತಿದ್ದುತ್ತದೆ, ಅದು ಉಬ್ಬಿದ ಕಾರಣ ಇದ್ದಲ್ಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಕಾರಣ ಇತ್ತು ಎನ್ನುವುದಕ್ಕೆ ಉಳಿದಿದ್ದ ಒಂದೇ ಸಾಕ್ಷಿಯೂ ಅಳಿಸಿಹೋಗುತ್ತದೆ.

ಕೇಸಿನ ಕೆಲಸ ಏನೆಂದು ಮೊದಲು ನೋಡಬೇಕು. ನೂರರಲ್ಲಿ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು ಬೆರೆತ ಹಿತ್ತಾಳೆಯಿಂದ ಇದನ್ನು ಎಳೆದು ಮಾಡುತ್ತಾರೆ. ಕೇಪು ಸಿಡಿದು ಮದ್ದು ಹತ್ತಿಕೊಂಡಾಗ ಒಳಗೆ ಹುಟ್ಟುವ ಅನಿಲ ಗುಂಡನ್ನು ಮುಂದಕ್ಕೆ ತಳ್ಳುವುದರ ಜೊತೆಗೆ ಕೇಸಿನ ಗೋಡೆಯನ್ನೂ ಹೊರಕ್ಕೆ ತಳ್ಳುತ್ತದೆ. ಗೋಡೆ ಹಿಗ್ಗಿ, ಬ್ಯಾರೆಲಿನಲ್ಲಿ ತೋಟಾ ಕೂರುವ ಗೂಡಾದ ಚೇಂಬರಿನ ಉಕ್ಕಿಗೆ ಒತ್ತಿಕೊಂಡು, ಅನಿಲ ಹಿಂದಕ್ಕೆ ಸೋರದಂತೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೇ ಅಷ್ಟಿಷ್ಟು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಹಿಗ್ಗುವುದು ಅದರ ಧರ್ಮ, ಹಿಗ್ಗದ ಕೇಸು ಕೆಲಸಕ್ಕೆ ಬಾರದು. ಎಲ್ಲಿ, ಎಷ್ಟು ಹಿಗ್ಗಿತು ಎಂಬುದರಲ್ಲಿ ವಿಷಯವಿದೆ. ಪಾಯಿಂಟ್ 40 ಸ್ಮಿತ್ ಅಂಡ್ ವೆಸನ್ ತೋಟಾಕ್ಕೆ ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ ನಿಗದಿ ಮಾಡಿರುವ ಗರಿಷ್ಠ ಒತ್ತಡ ಚದರ ಇಂಚಿಗೆ 35,000 ಪೌಂಡು. ಕಾರಿನ ಟಯರಿಗೆ ತುಂಬುವ ಗಾಳಿಯ ಒತ್ತಡಕ್ಕೆ ಇದು ಸಾವಿರ ಪಟ್ಟು ಮಿಕ್ಕುತ್ತದೆ. ಇಂಥ ಒತ್ತಡವನ್ನು ಅಷ್ಟು ತೆಳುವಾದ ಹಿತ್ತಾಳೆ ತಾನಾಗಿ ತಡೆಯಲಾರದು. ತಡೆಯುವುದು ಸುತ್ತ ಇರುವ ಉಕ್ಕು. ಕೇಸಿನ ತಳ ಮಾತ್ರ ಗಟ್ಟಿಯಾಗಿ, ದಪ್ಪವಾಗಿ ಇರುತ್ತದೆ, ಏಕೆಂದರೆ ಆ ಭಾಗ ಚೇಂಬರಿನಿಂದ ತುಸು ಹೊರಗೇ ಉಳಿಯುತ್ತದೆ. ದಪ್ಪ ತಳ ಮುಗಿದು ತೆಳುವಾದ ಗೋಡೆ ಶುರುವಾಗುವ ಜಾಗ ಉಕ್ಕಿನ ಆಸರೆಯೊಳಗೆ ಇರಲೇಬೇಕು. ಅಲ್ಲಿ ಆಸರೆ ತಪ್ಪಿದರೆ ಹಿತ್ತಾಳೆ ಆ ಕಿಂಡಿಯತ್ತ ಉಬ್ಬುತ್ತದೆ. ಇನ್ನೂ ಹೆಚ್ಚಾದರೆ ಹರಿಯುತ್ತದೆ.

ಆಸರೆ ತಪ್ಪುವುದಕ್ಕೆ ಪಿಸ್ತೂಲಿನ ಕಟ್ಟಡವೇ ಒಂದು ಕಾರಣ. ಮ್ಯಾಗಜೀನಿನಿಂದ ಮೇಲೇರುವ ತೋಟಾ ಎಡವದೆ ಚೇಂಬರಿಗೆ ಜಾರಲಿ ಎಂದು ಬ್ಯಾರೆಲಿನ ಹಿಂತುದಿಯ ಕೆಳಭಾಗವನ್ನು ಇಳಿಜಾರಾಗಿ ಕೊರೆದಿರುತ್ತಾರೆ. ಇಳಿಜಾರು ಉದಾರವಾಗಿದ್ದಷ್ಟೂ ತೋಟಾ ಸರಾಗವಾಗಿ ಏರುತ್ತದೆ, ಅಷ್ಟೇ ಪ್ರಮಾಣದಲ್ಲಿ ಕೇಸಿನ ಅಡಿಗಿದ್ದ ಉಕ್ಕೂ ಕಡಿಮೆಯಾಗುತ್ತದೆ. ಈ ಚೌಕಾಶಿಯ ದೊಡ್ಡ ಉದಾಹರಣೆ ಪಾಯಿಂಟ್ 40ರ ಕಥೆ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಹೆಚ್ಚು ಬಲದ ಪಿಸ್ತೂಲು ಬೇಕೆಂಬ ಕೂಗು ಅಲ್ಲಿಂದ ಎದ್ದಿತು. ಮೊದಲು 10 ಎಂಎಂ ತೋಟಾವನ್ನು ಆರಿಸಿಕೊಂಡರು, ಅದರ ಒದೆತ ಹೆಚ್ಚಾಯಿತೆಂದು ಬಲ ಇಳಿಸಿದರು, ಬಲ ಇಳಿಸಿದ ಮೇಲೆ ಉದ್ದದ ಕೇಸು ಯಾಕೆಂದು ಅದನ್ನೇ ಗಿಡ್ಡ ಮಾಡಿದರು. ಹೀಗೆ 1990ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಸೇರಿ ಪಾಯಿಂಟ್ 40 ತಂದವು. 9 ಎಂಎಂ ಪಿಸ್ತೂಲಿನ ಅಳತೆಯೊಳಗೇ ಕೂರುವಂತೆ ಮಾಡಿದ ಗ್ಲಾಕ್ 22 ಅದೇ ವರ್ಷ ಬಂತು, ಪೊಲೀಸ್ ಇಲಾಖೆಗಳು ಮುಗಿಬಿದ್ದು ಕೊಂಡವು. 1997ರಲ್ಲಿ ಎಫ್‌ಬಿಐ ಕೂಡ ಗ್ಲಾಕಿನ ಪಾಯಿಂಟ್ 40ಕ್ಕೆ ಬಂತು. ಗ್ಲಾಕಿನ ಮೊದಲ ತಲೆಮಾರುಗಳ ಪಾಯಿಂಟ್ 40 ಬ್ಯಾರೆಲುಗಳಲ್ಲಿ ಇಳಿಜಾರು ಆಳವಾಗಿತ್ತು, ಚೇಂಬರೂ ಸಡಿಲವಾಗಿತ್ತು. ಮಣ್ಣು ಮಸಿ ಹಿಡಿದರೂ ಪಿಸ್ತೂಲು ನಿಲ್ಲಬಾರದು ಎಂಬ ಪೊಲೀಸ್ ಅಗತ್ಯಕ್ಕೆ ಅದು ಸರಿ. ಹೊಸ ಕೇಸಿನ ಫ್ಯಾಕ್ಟರಿ ತೋಟಾ ಒಂದು ಸಲ ಹಾರಿ, ತಳದಲ್ಲಿ ತುಸು ಉಬ್ಬಿ ಹೊರಬಿದ್ದರೆ ಇಲಾಖೆಗೆ ನಷ್ಟವೇನಿಲ್ಲ. ಆ ಕೇಸಿಗೆ ಎರಡನೆಯ ಜನ್ಮ ಇರುತ್ತದೆಂದು ವಿನ್ಯಾಸ ಮಾಡಿದವರು ಲೆಕ್ಕ ಹಾಕಿರಲಿಲ್ಲ. ನಂತರದ ಬ್ಯಾರೆಲುಗಳಲ್ಲಿ ಆಸರೆ ಹೆಚ್ಚಿತು. ಅಷ್ಟರಲ್ಲಿ ಪೊಲೀಸ್ ರೇಂಜುಗಳ ಉಬ್ಬಿದ ಹಿತ್ತಾಳೆ ಮೂಟೆಗಟ್ಟಲೆ ಮಾರುಕಟ್ಟೆಗೆ ಬಂದಾಗಿತ್ತು.

ಅಂಥ ಒಂದು ಕೇಸನ್ನು ಬೆರಳಲ್ಲಿ ಹಿಡಿದು ನೋಡಿದರೆ ಗುರುತು ಸಿಗುತ್ತದೆ. ತಳದ ಅಂಚಿನ ಪಕ್ಕ, ಕೊಕ್ಕೆ ಹಿಡಿಯಲು ಕೊರೆದ ಕಾಲುವೆಯಿದೆ. ಅದರ ತುಸು ಮೇಲೆ ಒಂದೇ ಪಕ್ಕದಲ್ಲಿ ಅರ್ಧಚಂದ್ರದ ಹಾಗೆ ಲೋಹ ಹೊರಬಂದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರು ಎಳೆದರೆ ತಡೆಯುತ್ತದೆ, ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ಒಂದು ಕಡೆ ಮುಗ್ಗರಿಸುತ್ತದೆ. ಸಾಮಾನ್ಯ ಡೈಯೊಳಗೆ ಇದನ್ನು ಹಾಕಿ ಎಳೆದರೂ ಉಬ್ಬು ಹೋಗುವುದಿಲ್ಲ. ಪ್ರೆಸ್ಸಿನಲ್ಲಿ ಕೇಸನ್ನು ಹಿಡಿದುಕೊಳ್ಳುವುದು ಅದರ ತಳವನ್ನು ಕಚ್ಚುವ ಹೋಲ್ಡರು. ಆ ಹೋಲ್ಡರಿನ ದಪ್ಪವೂ, ಕೇಸು ಸುಲಭವಾಗಿ ಒಳಹೋಗಲೆಂದು ಡೈಯ ಬಾಯಿಗೆ ಕೊಟ್ಟಿರುವ ದುಂಡೂ ಸೇರಿ ತಳದ ಕೆಲವು ಮಿಲಿಮೀಟರಿಗೆ ಡೈ ಮುಟ್ಟುವುದೇ ಇಲ್ಲ. ಉಬ್ಬು ಇರುವುದು ಸರಿಯಾಗಿ ಅಲ್ಲೇ. ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು: ಹೋಲ್ಡರನ್ನು ತೆಗೆದುಬಿಟ್ಟು, ಕೇಸನ್ನು ಕೆಳಗಿನಿಂದ ಸರಳಿನಿಂದ ನೂಕಿ, ಡೈಯ ಉಂಗುರದ ಈ ಬಾಯಿಂದ ಹೊಕ್ಕು ಆ ಬಾಯಿಂದ ಹೊರಬರುವಂತೆ ಮಾಡುವುದು. ಲೀ ಕಂಪನಿಯ ಬಲ್ಜ್ ಬಸ್ಟರ್, ರೆಡಿಂಗ್ ಕಂಪನಿಯ ಜಿ-ಆರ್‌ಎಕ್ಸ್ ಡೈ ಮಾಡುವುದು ಇದನ್ನೇ. ಪಾಯಿಂಟ್ 40ರ ಕೇಸು ತಳದಲ್ಲಿ 0.424 ಇಂಚು, ಬಾಯಲ್ಲಿ 0.423 ಇಂಚು, ಅಂದರೆ ಹೆಚ್ಚುಕಡಿಮೆ ನೇರ ಕೊಳವೆ, ತಳದ ಅಂಚೂ ಹೊರಚಾಚಿಲ್ಲ. ಹಾಗಾಗಿ ಈ ಉಪಾಯ ಅದಕ್ಕೆ ಒಪ್ಪುತ್ತದೆ. 9 ಎಂಎಂ ಕೇಸು ತಳದಲ್ಲಿ 0.391, ಬಾಯಲ್ಲಿ 0.380 ಇಂಚು, ಮೇಲೆ ಹೋದಂತೆ ಸಣ್ಣಗಾಗುತ್ತದೆ. ಒಂದೇ ವ್ಯಾಸದ ಉಂಗುರದಲ್ಲಿ ನೂಕಿದರೆ ಅದಕ್ಕೆ ನ್ಯಾಯ ಸಿಗುವುದಿಲ್ಲ. ಅದಕ್ಕೆಂದೇ ಕೆಲವರು 9 ಎಂಎಂ ಮಕರೋವ್ ತೋಟಾದ ಡೈಯನ್ನು ಎರವಲು ತಂದು ಬಳಸುತ್ತಾರೆ. ಎರಡು ಉಕ್ಕಿನ ಪಟ್ಟಿಗಳ ನಡುವೆ ಕೇಸನ್ನು ಉರುಳಿಸಿ, ತಳದ ಅಂಚಿನವರೆಗೂ ಸಮ ಮಾಡುವ ಯಂತ್ರವೂ ಇದೆ. ಅದು ದುಬಾರಿ, ದೊಡ್ಡ ಪ್ರಮಾಣದಲ್ಲಿ ತುಂಬುವವರದು.

ಈ ಉಪಕರಣಗಳ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿಬಿಡುತ್ತೇನೆ, ಅದು ಸಣ್ಣ ಮಾತಲ್ಲ. ಉಬ್ಬನ್ನು ತೆಗೆಯದೆ ಹಾಗೇ ತುಂಬಿದ ತೋಟಾ ಎಲ್ಲಕ್ಕಿಂತ ಅಪಾಯಕಾರಿ. ಸಡಿಲ ಚೇಂಬರಿನ ಪಿಸ್ತೂಲಿನಲ್ಲಿ ಹಾರಿದ ಕೇಸು ಬಿಗಿ ಚೇಂಬರಿನ ಇನ್ನೊಂದು ಪಿಸ್ತೂಲಿಗೆ ಹೋದರೆ ತಳದ ಹತ್ತಿರ ಸಿಕ್ಕಿಕೊಳ್ಳುತ್ತದೆ, ಚೇಂಬರನ್ನು ಹಿಂದಿನಿಂದ ಮುಚ್ಚುವ ಸ್ಲೈಡು ಪೂರ್ತಿ ಮುಂದಕ್ಕೆ ಬಂದು ಮುಚ್ಚುವುದಿಲ್ಲ. ಬಹುಪಾಲು ಪಿಸ್ತೂಲುಗಳಲ್ಲಿ ಸ್ಲೈಡು ಸಾಕಷ್ಟು ತೆರೆದಿದ್ದರೆ ಟ್ರಿಗರ್ ಎಳೆದರೂ ಏನೂ ಆಗದಂತೆ ವ್ಯವಸ್ಥೆ ಇರುತ್ತದೆ. ಕೂದಲೆಳೆಯಷ್ಟು ತೆರೆದಿದ್ದಾಗ ಮಾತ್ರ ಆ ವ್ಯವಸ್ಥೆ ಅದನ್ನು ಮುಚ್ಚಿದ ಲೆಕ್ಕಕ್ಕೇ ಹಿಡಿಯಬಹುದು. ಆಗ ಕೇಸಿನ ಇನ್ನೂ ಹೆಚ್ಚು ಭಾಗ ಉಕ್ಕಿನ ಆಸರೆಯಿಂದ ಹೊರಗಿರುವಾಗಲೇ ಗುಂಡು ಹಾರುತ್ತದೆ. ಸ್ಪರ್ಧೆಯಲ್ಲಿ ಸಿಕ್ಕಿಕೊಂಡ ತೋಟಾವನ್ನು ಸ್ಲೈಡಿನ ಹಿಂಭಾಗಕ್ಕೆ ಅಂಗೈಯಿಂದ ಗುದ್ದಿ ಒಳಕ್ಕೆ ಕೂರಿಸುವ ಅಭ್ಯಾಸ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಹೀಗಾಗಿ ತಳದವರೆಗೆ ಸಮ ಮಾಡುವುದರಿಂದ ನಿಜವಾದ ಉಪಯೋಗವಿದೆ. ಉಬ್ಬಿದ ಕೇಸಿಗೆ ಎರಡೇ ದಾರಿ, ಪೂರ್ತಿ ಅಳತೆಗೆ ತರಬೇಕು ಇಲ್ಲವೇ ಗುಜರಿಗೆ ಹಾಕಬೇಕು. ಮೊದಲನೆಯ ದಾರಿ ಯಾವ ಕೇಸಿಗೆ ಸಲ್ಲುತ್ತದೆ ಎಂಬುದಷ್ಟೇ ನನ್ನ ತಕರಾರು.

ಲೋಹದ ವಿಷಯಕ್ಕೆ ಬರೋಣ. ಹಿತ್ತಾಳೆಯನ್ನು ಬಗ್ಗಿಸಿ, ಮತ್ತೆ ನೆಟ್ಟಗೆ ಮಾಡಿದರೆ ಅದು ಮೊದಲಿನ ಹಿತ್ತಾಳೆಯಾಗಿ ಉಳಿಯುವುದಿಲ್ಲ. ಒಮ್ಮೆ ಹೊರಕ್ಕೆ ಹಿಗ್ಗಿ, ಒಮ್ಮೆ ಒಳಕ್ಕೆ ಅದುಮಿಸಿಕೊಂಡ ಜಾಗ ಗಡುಸಾಗುತ್ತದೆ. ಗಡುಸಾದದ್ದು ಬಲವಾಯಿತಲ್ಲ, ಅದು ಒಳ್ಳೆಯದೇ ಅಲ್ಲವೇ ಎಂದು ಇದರ ಸಮರ್ಥಕರು ಕೇಳುವುದುಂಟು. ಅರ್ಧ ನಿಜ. ಗಡುಸಾದ ಹಿತ್ತಾಳೆ ಮುಂದಿನ ಸಲ ಹಿಗ್ಗಲು ಹೆಚ್ಚು ಪ್ರತಿರೋಧ ಒಡ್ಡುತ್ತದೆ. ಆದರೆ ಹಿಗ್ಗಲೇಬೇಕಾದ ಸಂದರ್ಭ ಬಂದಾಗ ಹರಿಯುವ ಮೊದಲು ಅದು ಹಿಗ್ಗಬಲ್ಲ ಪ್ರಮಾಣ ಕಡಿಮೆಯಾಗಿರುತ್ತದೆ. ಆಸರೆ ತಪ್ಪಿದ ಜಾಗದಲ್ಲಿ ಕೇಸನ್ನು ಕಾಪಾಡುವುದು ಈ ಹಿಗ್ಗುವ ಗುಣ. ಒಡೆಯುವ ಬದಲು ಉಬ್ಬಿ ಸುಮ್ಮನಾಗುವುದು ಅದರಿಂದಲೇ ಸಾಧ್ಯ. ಮೊದಲ ಸಲ ಉಬ್ಬಿದಾಗ ಆ ಉಳಿತಾಯದ ಒಂದು ಪಾಲು ಖರ್ಚಾಯಿತು, ಅದುಮಿದಾಗ ಇನ್ನೊಂದು ಪಾಲು. ರೈಫಲ್ ಕೇಸುಗಳ ಕುತ್ತಿಗೆ ಗಡುಸಾದಾಗ ಬೆಂಕಿಯಲ್ಲಿ ಕಾಯಿಸಿ ಮೆದುಗೊಳಿಸುವ ಪದ್ಧತಿ ಇದೆ, ತಳಕ್ಕೆ ಆ ಚಿಕಿತ್ಸೆ ಮಾಡುವಂತಿಲ್ಲ. ತಳ ಮೆದುವಾದರೆ 35,000 ಪೌಂಡಿನ ಒತ್ತಡಕ್ಕೆ ಅದು ನಿಲ್ಲುವುದಿಲ್ಲ. ಅಂದರೆ ಖರ್ಚಾದದ್ದನ್ನು ತುಂಬಿಕೊಡುವ ದಾರಿ ಮನೆಯ ಗ್ಯಾರೇಜಿನಲ್ಲಿ ಇಲ್ಲ. ಉಬ್ಬಿದ ಜಾಗದಲ್ಲಿ ಗೋಡೆ ತುಸು ತೆಳುವಾಗಿಯೂ ಇರುತ್ತದೆ, ಲೋಹ ಹೊರಕ್ಕೆ ಹೋದದ್ದು ಎಲ್ಲಿಂದಲೋ ಬಂದಿರಬೇಕಲ್ಲ.

ಇದಾವುದನ್ನೂ ಗೇಜು ಹೇಳುವುದಿಲ್ಲ. ಗೇಜೆಂದರೆ ನಿಖರ ಅಳತೆಯ ತೂತಿರುವ ಉಕ್ಕಿನ ತುಂಡು. ತುಂಬಿದ ತೋಟಾವನ್ನು ಅದರೊಳಗೆ ಬಿಟ್ಟರೆ ಠಣ್ಣೆಂದು ಕೂತು, ತಿರುಗಿಸಿದರೆ ಹೊರಗೆ ಬೀಳಬೇಕು. ಬ್ಯಾರೆಲನ್ನು ಬಿಚ್ಚಿಕೊಂಡು ಅದರ ಚೇಂಬರಿನಲ್ಲೇ ಈ ಪರೀಕ್ಷೆ ಮಾಡುವವರೂ ಇದ್ದಾರೆ, ಅದು ಇನ್ನೂ ಒಳ್ಳೆಯದು. ಈ ಪರೀಕ್ಷೆ ಉತ್ತರಿಸುವುದು ಒಂದೇ ಪ್ರಶ್ನೆಗೆ: ಇದು ಒಳಗೆ ಕೂರುತ್ತದೆಯೇ? ಕೂತ ಮೇಲೆ ಏನಾಗುತ್ತದೆ ಎಂಬುದು ಬೇರೆ ಪ್ರಶ್ನೆ. ಹೊಸ ಕೇಸು, ಒಂದು ಸಲ ಉಬ್ಬಿ ಅದುಮಿಸಿಕೊಂಡ ಕೇಸು, ನಾಲ್ಕು ಸಲ ಉಬ್ಬಿ ನಾಲ್ಕು ಸಲ ಅದುಮಿಸಿಕೊಂಡ ಕೇಸು, ಮೂರೂ ಗೇಜಿನಲ್ಲಿ ಒಂದೇ ಸದ್ದು ಮಾಡುತ್ತವೆ. ಡೈಯಲ್ಲಿ ನೂಕಿದ ಕೇಸಿನ ತಳದಲ್ಲಿ ಉಂಗುರ ಉಜ್ಜಿದ ಹೊಳಪಿನ ಪಟ್ಟಿಯೊಂದು ಮೊದಲಿಗೆ ಕಾಣುತ್ತದೆ. ಜೋಳದ ದಿಂಡಿನ ಪುಡಿ ಹಾಕಿ ಗರಗರ ತಿರುಗಿಸುವ ಪಾಲಿಶ್ ಯಂತ್ರದಲ್ಲಿ ಕೆಲವು ಗಂಟೆ ಇಟ್ಟರೆ ಅದೂ ಮಾಯ. ಆಮೇಲೆ ಆ ಕೇಸು ಬಂಗಾರದಂತೆ ಹೊಳೆಯುತ್ತ, ಸಾವಿರದ ಲೆಕ್ಕದಲ್ಲಿ ಚೀಲ ಸೇರಿ, ಇನ್ನೊಬ್ಬರ ಮನೆಗೆ ಹೋಗಬಹುದು. ಕೊಂಡವರಿಗೆ ಅದರ ಹಿಂದಿನ ಚರಿತ್ರೆ ತಿಳಿಯುವ ಯಾವ ದಾರಿಯೂ ಇಲ್ಲ. ಉಬ್ಬು ಇದ್ದಿದ್ದರೆ ಅವರ ಬೆರಳಿಗೆ ಸಿಗುತ್ತಿತ್ತು, ಅವರೇ ತೀರ್ಮಾನ ಮಾಡುತ್ತಿದ್ದರು. ಸಾಕ್ಷಿ ಅಳಿಸುವುದು ಎಂದು ಮೊದಲು ಹೇಳಿದ್ದು ಇದನ್ನೇ. ಡೈ ಮಾರುವ ಕಂಪನಿಗಳು ಸುಳ್ಳೇನೂ ಹೇಳುತ್ತಿಲ್ಲ, ಅಳತೆ ಸರಿ ಮಾಡುತ್ತೇವೆ ಎನ್ನುತ್ತವೆ, ಮಾಡುತ್ತವೆ. ಆ ಮಾತನ್ನು ಬಲ ಮರಳಿಸುತ್ತೇವೆ ಎಂದು ಓದಿಕೊಳ್ಳುವ ತಪ್ಪು ಡೈ ಕೊಂಡವರದು.

ಇದಕ್ಕೆ ಎದುರಾಗುವ ಬಲವಾದ ಆಕ್ಷೇಪ ಅನುಭವದ್ದು. ವರ್ಷಗಳಿಂದ ಸಾವಿರಾರು ಮಂದಿ ಹೀಗೆ ಮಾಡುತ್ತಿದ್ದಾರೆ, ಲಕ್ಷಾಂತರ ತೋಟಾ ಹಾರಿವೆ, ಆಕಾಶವೇನೂ ಕಳಚಿಬಿದ್ದಿಲ್ಲ ಎನ್ನುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಅದುಮಿದ ಕೇಸುಗಳಲ್ಲಿ ಅತಿ ಹೆಚ್ಚಿನವು ಮತ್ತೊಮ್ಮೆ ಹಾರಿ ಸುರಕ್ಷಿತವಾಗಿಯೇ ಹೊರಬೀಳುತ್ತವೆ. ಮನೆಯಲ್ಲಿ ತುಂಬುವವರು ಬಹಳ ಸಲ ಗರಿಷ್ಠಕ್ಕಿಂತ ಕಡಿಮೆ ಮದ್ದು ಹಾಕುತ್ತಾರೆ, ಗುರಿಕಟ್ಟೆಯ ಕಾಗದ ತೂತಾಗಲು ಅಷ್ಟು ಸಾಕು. ಎಲ್ಲವೂ ಸರಿಯಿರುವ ದಿನ ದುರ್ಬಲ ಕೇಸೂ ಸಾಕಾಗುತ್ತದೆ. ಕೇಸಿನ ಉಳಿಕೆ ಬಲ ಬೇಕಾಗುವುದು ಇನ್ನೇನೋ ಒಂದು ತಪ್ಪಿದ ದಿನ. ಪಾಯಿಂಟ್ 40ರಲ್ಲಿ ತಪ್ಪಲು ಬೇಕಾದಷ್ಟಿದೆ. 180 ಗ್ರೇನಿನ ಭಾರದ ಗುಂಡು ಗಿಡ್ಡ ಕೇಸಿನೊಳಗೆ ಆಳವಾಗಿ ಕೂರುತ್ತದೆ, ಮದ್ದಿಗೆ ಉಳಿಯುವ ಜಾಗ ಕಡಿಮೆ. ಮ್ಯಾಗಜೀನಿನಿಂದ ಏರುವಾಗ ಇಳಿಜಾರಿಗೆ ಬಡಿದು ಗುಂಡು ಇನ್ನಷ್ಟು ಒಳಸರಿದರೆ ಒತ್ತಡ ಗಾಬರಿಯಾಗುವಷ್ಟು ಏರುತ್ತದೆ. ಗಡುಸಾಗಿ ಹಿಡಿತ ಕಳೆದುಕೊಂಡ ಹಳೆಯ ಕೇಸಿನಲ್ಲಿ ಗುಂಡು ಒಳಸರಿಯುವ ಸಂಭವವೂ ಹೆಚ್ಚು. ಕೆಲವು ಮದ್ದುಗಳು ಕೇಸಿನಲ್ಲಿ ಸ್ವಲ್ಪವೇ ಜಾಗ ಹಿಡಿಯುವುದರಿಂದ ಮರೆತು ಎರಡು ಸಲ ಸುರಿದರೂ ತುಳುಕದೆ ಒಳಗೇ ಕೂತುಬಿಡುತ್ತವೆ. ಪಿಸ್ತೂಲು ಸಿಡಿದ ಘಟನೆಗಳನ್ನು ಬಿಚ್ಚಿ ನೋಡಿದರೆ ಕಾರಣ ಒಂದೇ ಆಗಿರಬೇಕಿಲ್ಲ. ಹೆಚ್ಚು ಒತ್ತಡ, ಕಡಿಮೆ ಆಸರೆ, ದಣಿದ ಹಿತ್ತಾಳೆ ಒಂದೆಡೆ ಸೇರಿರಬಹುದು. ಮೂರರಲ್ಲಿ ಒಂದನ್ನು ಮೇಜಿನ ಮೇಲೆಯೇ ಗುರುತಿಸಿ ತೆಗೆದುಹಾಕಬಹುದಾಗಿತ್ತು ಎನ್ನುವಾಗ, ಈವರೆಗೆ ಏನೂ ಆಗಿಲ್ಲ ಎಂಬ ಮಾತಿಗೆ ತೂಕವಿಲ್ಲ.

ಆಸರೆಯಿಲ್ಲದ ಕೇಸು ಏನು ಮಾಡಬಲ್ಲದು ಎನ್ನುವುದಕ್ಕೆ ಶೂಟಿಂಗ್ ಕ್ರೀಡೆಯ ಇತಿಹಾಸದಲ್ಲೇ ಪಾಠವಿದೆ. 1980ರ ದಶಕದಲ್ಲಿ ಪಿಸ್ತೂಲು ಸ್ಪರ್ಧೆಗಳ ಮೇಲಿನ ವರ್ಗದಲ್ಲಿ ಅಂಕ ಪಡೆಯಲು ಗುಂಡಿನ ತೂಕವನ್ನು ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 175 ಬರಬೇಕಿತ್ತು. 125 ಗ್ರೇನ್ ಗುಂಡು ಸೆಕೆಂಡಿಗೆ 1,400 ಅಡಿ ಹೋದರೆ ಆ ಲೆಕ್ಕ ಸರಿಹೋಗುತ್ತದೆ. ಸ್ಪರ್ಧಿಗಳು 1929ರಷ್ಟು ಹಳೆಯದಾದ ಪಾಯಿಂಟ್ 38 ಸೂಪರ್ ತೋಟಾಕ್ಕೆ ಮಿತಿಮೀರಿ ಮದ್ದು ತುಂಬಿ ಆ ಸಂಖ್ಯೆ ಮುಟ್ಟಿಸಿದರು. ಅವರ 1911 ಮಾದರಿಯ ಪಿಸ್ತೂಲುಗಳ ಬ್ಯಾರೆಲು ಕೇಸಿನ ತಳಕ್ಕೆ ಪೂರ್ತಿ ಆಸರೆ ಕೊಡುತ್ತಿರಲಿಲ್ಲ. ಕೇಸುಗಳು ತಳದ ಹತ್ತಿರ ಹರಿದು, ಬಿಸಿ ಅನಿಲ ಮತ್ತು ಹಿತ್ತಾಳೆ ಚೂರುಗಳು ಮುಖಕ್ಕೆ ಎರಚಿ, ಅದಕ್ಕೆ 'ಸೂಪರ್ ಫೇಸ್' ಎಂಬ ಅಡ್ಡಹೆಸರೇ ಬಿತ್ತು. ಪರಿಹಾರ ಬಂದದ್ದು ಡೈಗಳಿಂದಲ್ಲ. ಇಳಿಜಾರನ್ನು ಬ್ಯಾರೆಲಿನಲ್ಲೇ ಸೇರಿಸಿ, ಕೇಸನ್ನು ತಳದವರೆಗೆ ಅಪ್ಪಿ ಹಿಡಿಯುವ ಹೊಸ ಬ್ಯಾರೆಲುಗಳು ಬಂದವು, ಆಮೇಲೆ ಅಮೆರಿಕದ ಸ್ಪರ್ಧೆಗಳಲ್ಲಿ ಆ 175ನ್ನೇ 165ಕ್ಕೆ ಇಳಿಸಿದರು. ಆಸರೆ ಹೆಚ್ಚಿಸು, ಒತ್ತಡ ತಗ್ಗಿಸು: ಉಬ್ಬಿಗೆ ನಿಜವಾದ ಮದ್ದು ಇವೆರಡೇ.

ಇನ್ನೊಂದು ಆಕ್ಷೇಪ ಸಂಭವನೀಯತೆಯ ಜಾಡಿನದು, ಬುದ್ಧಿವಂತರು ಹೇಳುವಂಥದು. ಉಬ್ಬು ಇರುವುದು ಕೇಸಿನ ಒಂದು ಪಕ್ಕದಲ್ಲಿ. ಮುಂದಿನ ಸಲ ಅದು ಚೇಂಬರಿಗೆ ಹೋಗುವಾಗ ಹೇಗೆ ಬೇಕಾದರೂ ತಿರುಗಿರಬಹುದು. ದಣಿದ ಜಾಗವೇ ಮತ್ತೆ ಇಳಿಜಾರಿನ ಮೇಲೆ ಬರುವ ಸಂಭವ ಕಡಿಮೆ ಎನ್ನುತ್ತಾರೆ. ಲೆಕ್ಕ ಹಾಕೋಣ. ಇಳಿಜಾರು ಸುತ್ತಳತೆಯ ಆರನೇ ಒಂದು ಭಾಗವನ್ನು ಆಸರೆಯಿಲ್ಲದೆ ಬಿಡುತ್ತದೆ ಎಂದು ಊಹಿಸಿಕೊಂಡರೆ, ಒಂದು ಸಲ ಉಬ್ಬಿದ ಕೇಸಿನ ದಣಿದ ಜಾಗ ಸರಾಸರಿ ಆರಕ್ಕೆ ಒಂದು ಸಲವಾದರೂ ಅಲ್ಲಿಗೇ ಬರುತ್ತದೆ. ಭಾಗಶಃ ಮೇಲೆ ಬೀಳುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ವಾರಕ್ಕೆ ಇನ್ನೂರು ತೋಟಾ ಹಾರಿಸುವ ಸ್ಪರ್ಧಿಗೆ ಇದು ಅಪರೂಪದ ಘಟನೆಯಲ್ಲ, ಹೆಚ್ಚುಕಡಿಮೆ ಪ್ರತಿ ಮ್ಯಾಗಜೀನಿನಲ್ಲೂ ಆಗುವಂಥದು. ಅದಲ್ಲದೆ ಬೇರೆ ಬೇರೆ ದಿಕ್ಕಿನಲ್ಲಿ ನಾಲ್ಕೈದು ಸಲ ಉಬ್ಬಿದ ಕೇಸಿಗೆ ದಣಿಯದ ಪಕ್ಕವೇ ಉಳಿದಿರುವುದಿಲ್ಲ. ಹೆಕ್ಕಿ ತಂದ ಕೇಸು ಎಷ್ಟನೆಯ ಸಲದ್ದು ಎಂದು ಹೇಳುವವರು ಯಾರು?

ದುಡ್ಡಿನ ಲೆಕ್ಕವನ್ನೂ ಬಿಡುವ ಹಾಗಿಲ್ಲ, ಎಲ್ಲದರ ಬೇರು ಅಲ್ಲಿದೆ. 2013ರಲ್ಲಿ, ಮತ್ತೆ 2020ರಿಂದ ಕೊರೊನಾ ಕಾಲದಲ್ಲಿ ಅಮೆರಿಕದ ಅಂಗಡಿಗಳಲ್ಲಿ ತೋಟಾ ಸಿಗದಂತಾಯಿತು. ಸಿಕ್ಕ ಪ್ರತಿ ಕೇಸನ್ನೂ ಉಳಿಸಿಕೊಳ್ಳಬೇಕೆಂಬ ಹಟ ಆಗ ಬಲವಾಯಿತು. ಆ ಬರಗಾಲದಲ್ಲಿ ಮನೆಯಲ್ಲಿ ತುಂಬುವವರ ಕೈ ಕಟ್ಟಿಹಾಕಿದ್ದು ಯಾವುದು ಎಂದು ನೋಡಿದರೆ, ಅದು ಕೇಪು. ಹಿತ್ತಾಳೆ ಡಬ್ಬಗಳಲ್ಲಿ ತುಂಬಿತ್ತು, ಅದಕ್ಕೆ ಕೂರಿಸಲು ಕೇಪು ಇರಲಿಲ್ಲ. ಕೇಪು ದುಬಾರಿಯಾದ ದಿನಗಳಲ್ಲಂತೂ ಅದನ್ನು ಅನುಮಾನದ ಕೇಸಿಗೆ ಕೂರಿಸುವುದು ಇನ್ನೂ ಅರ್ಥವಿಲ್ಲದ ಕೆಲಸ. ಕೇಸಿನ ಬೆಲೆಯನ್ನೂ ನೋಡಿ. ಎಫ್‌ಬಿಐ 2016ರಲ್ಲಿ 9 ಎಂಎಂ ಪಿಸ್ತೂಲುಗಳ ಗುತ್ತಿಗೆ ಕೊಟ್ಟು ಪಾಯಿಂಟ್ 40ರಿಂದ ಹೊರಬಂತು, ಅನೇಕ ಪೊಲೀಸ್ ಇಲಾಖೆಗಳು ಅದೇ ಹಾದಿ ಹಿಡಿದವು. ಇವತ್ತು ಒಮ್ಮೆ ಬಳಸಿದ, ಉಬ್ಬಿಲ್ಲದ ಪಾಯಿಂಟ್ 40 ಕೇಸಿನ ಬೆಲೆ ಕೆಲವೇ ಸೆಂಟು. ಉಬ್ಬಿದ್ದನ್ನು ಎಸೆದರೆ ಪೂರ್ತಿ ನಷ್ಟವೂ ಅಲ್ಲ. ಒಂದು ಕೇಸು ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತದೆ, ಇನ್ನೂರಿಪ್ಪತ್ತು ಕೇಸಿಗೆ ಒಂದು ಕಿಲೋ ಹಿತ್ತಾಳೆ, ಗುಜರಿಯವನು ತೂಕಕ್ಕೆ ಕಾಸು ಕೊಡುತ್ತಾನೆ. ಇನ್ನೊಂದು ಪಕ್ಕದಲ್ಲಿ ಇಡಬೇಕಾದದ್ದು ಪಿಸ್ತೂಲು, ಬೆರಳು, ಕಣ್ಣು. ಕೇಸು ತಳದಲ್ಲಿ ಹರಿದರೆ ಅನಿಲ ಕೆಳಕ್ಕೆ ನುಗ್ಗಿ ಮ್ಯಾಗಜೀನನ್ನು ಹೊರಕ್ಕೆ ಒದೆಯುತ್ತದೆ, ಪ್ಲಾಸ್ಟಿಕ್ ಹಿಡಿಕೆಯಾದರೆ ಸೀಳುತ್ತದೆ, ಹಿಡಿದ ಕೈ ಅಲ್ಲೇ ಇರುತ್ತದೆ. ಮನೆಯಲ್ಲಿ ತುಂಬಿದ ತೋಟಾ ಬಳಸಬೇಡಿ ಎಂದು ಗ್ಲಾಕ್ ಸೇರಿದಂತೆ ಅನೇಕ ತಯಾರಕರು ಕೈಪಿಡಿಯಲ್ಲೇ ಅಚ್ಚುಹಾಕಿರುತ್ತಾರೆ. ಹಾಗಾಗಿ ಪಿಸ್ತೂಲು ಕಂಪನಿಯ ವಾರಂಟಿಯನ್ನು ನಂಬಿ ಕೂರುವ ಹಾಗೂ ಇಲ್ಲ.

ಹಾಗಾದರೆ ದೊಡ್ಡ ಪ್ರಮಾಣದಲ್ಲಿ ತುಂಬಿ ಮಾರುವವರು ಉರುಳಿಸುವ ಯಂತ್ರದಲ್ಲಿ ಎಲ್ಲ ಕೇಸುಗಳನ್ನೂ ಹಾಯಿಸುತ್ತಾರಲ್ಲ ಎಂದು ಕೇಳಬಹುದು. ಹಾಯಿಸುತ್ತಾರೆ, ಪ್ರತಿ ತೋಟಾ ಪ್ರತಿ ಪಿಸ್ತೂಲಿನಲ್ಲೂ ಕೂರಬೇಕೆಂಬ ಕಾರಣಕ್ಕೆ. ಯಂತ್ರ ದೊಡ್ಡದಾದ ಮಾತ್ರಕ್ಕೆ ಲೋಹದ ನಿಯಮ ಬದಲಾಗುವುದಿಲ್ಲ. ಅಲ್ಲಿ ಕಾಪಾಡುವುದು ಯಂತ್ರಕ್ಕಿಂತ ಮೊದಲು ನಡೆಯುವ ಆರಿಸುವಿಕೆ ಮತ್ತು ತುಂಬುವ ಮದ್ದಿನ ಹದ.

ಅಂದಮಾತ್ರಕ್ಕೆ ನೂಕುವ ಡೈಗಳನ್ನು ಎಸೆದುಬಿಡಿ ಎನ್ನುವುದಿಲ್ಲ. ಒಂದೇ ಪಿಸ್ತೂಲು, ಹೊಸದಾಗಿ ಕೊಂಡ ಕೇಸು, ಎಷ್ಟನೆಯ ಸಲ ಎಂದು ಬರೆದಿಟ್ಟ ಲೆಕ್ಕ, ಮಧ್ಯಮ ಮದ್ದು, ತಳದಲ್ಲಿ ಸುತ್ತಲೂ ಸಮನಾಗಿ ಅತಿ ಸ್ವಲ್ಪವೇ ಹಿಗ್ಗಿದ ಹಿತ್ತಾಳೆ, ಇಷ್ಟಿದ್ದರೆ ಪೂರ್ತಿ ಅಳತೆಗೆ ತಂದು ಬಳಸುವುದರಲ್ಲಿ ತಪ್ಪಿಲ್ಲ. ಚದರ ಇಂಚಿಗೆ 21,000 ಪೌಂಡಿನ ಮಿತಿಯಿರುವ ಪಾಯಿಂಟ್ 45 ಎಸಿಪಿಯಂಥ ತೋಟಾದಲ್ಲಿ ಅಂಚು ಇನ್ನೂ ವಿಶಾಲ. ಒಂದೇ ಪಕ್ಕದ ಅರ್ಧಚಂದ್ರ ಕಂಡರೆ, ಅದರ ಅಂಚಿನಲ್ಲಿ ಮಡಿಕೆಯ ಚೂಪು ಗೆರೆ ಉಗುರಿಗೆ ಸಿಕ್ಕಿದರೆ, ಆ ಕೇಸಿನ ಆಯಸ್ಸು ಮುಗಿಯಿತು. ಸ್ವಂತ ಪಿಸ್ತೂಲಿನಿಂದಲೇ ಅಂಥವು ಮತ್ತೆ ಮತ್ತೆ ಬರುತ್ತಿದ್ದರೆ ಕೊಳ್ಳಬೇಕಾದದ್ದು ಡೈ ಅಲ್ಲ, ಪೂರ್ತಿ ಆಸರೆಯ ಬ್ಯಾರೆಲು. ಅದಕ್ಕೂ ಮೊದಲು ಮದ್ದಿನ ತೂಕವನ್ನು ಕೈಪಿಡಿಯೊಂದಿಗೆ ಮತ್ತೊಮ್ಮೆ ತಾಳೆ ನೋಡಬೇಕು.

ಕರ್ನಾಟಕದ ಓದುಗರಿಗೆ ಒಂದೆರಡು ಮಾತು ಸ್ಪಷ್ಟವಾಗಿರಲಿ. ಭಾರತದಲ್ಲಿ ಇದು ಮನೆಯ ಹವ್ಯಾಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ, 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಪಟ್ಟದ್ದು, ತೋಟಾ ತಯಾರಿಕೆಗಲ್ಲ. ಅಮೆರಿಕದಲ್ಲಿ ನೆಲೆಸಿ ಈ ಕ್ರೀಡೆ ಹಿಡಿದಿರುವ ಕನ್ನಡಿಗರು ಊರಿಗೆ ಬರುವಾಗ ರೇಂಜಿಗೆ ಒಯ್ದಿದ್ದ ಚೀಲವನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಅದರ ಮೂಲೆಯಲ್ಲಿ ಉಳಿದ ಒಂದು ತೋಟಾ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕರೆ ರಜೆಯ ಮೊದಲ ದಿನ ಪೊಲೀಸ್ ಠಾಣೆಯಲ್ಲಿ ಕಳೆಯುತ್ತದೆ.

ಅಮೆರಿಕದಲ್ಲಿ ಕೂತು ತುಂಬುವವರಲ್ಲಿ ಒಂದು ಕೋರಿಕೆ. ಉಬ್ಬಿದ ಕೇಸನ್ನು ಬೇಡವೆಂದು ತೀರ್ಮಾನಿಸಿದ ಮೇಲೆ ಹಾಗೇ ಡಬ್ಬಕ್ಕೆ ಹಾಕಬೇಡಿ, ಇಕ್ಕಳದಿಂದ ಅದರ ಬಾಯನ್ನು ಚಪ್ಪಟೆ ಮಾಡಿ ಹಾಕಿ. ಇಲ್ಲದಿದ್ದರೆ ಗುಜರಿಯ ರಾಶಿಯಿಂದ ಅದನ್ನು ಆರಿಸಿ, ಡೈಯಲ್ಲಿ ನೂಕಿ, ಪಾಲಿಶ್ ಮಾಡಿ ಮಾರುವವರು ಸಿಗುತ್ತಾರೆ.